ಎರಡನೆಯ ಪ್ರಶ್ನೆ

ನಮ್ಮ ಶಾಲೆಗಳ ಪಾಠಪಟ್ಟಿಯಲ್ಲಿ ಪೌರನೀತಿಯೆಂಬುದು ಬಹುಕಾಲದಿಂದ ಮಲಮಗುವಿನಂತೆ ಬೆಳೆದು ಬಂದಿದೆ. ಭೂಗೋಳಕ್ಕೆ ಭೂಪಟವುಂಟು, ವಿಜ್ಞಾನಕ್ಕೆ ಪ್ರಯೋಗಶಾಲೆಯುಂಟು, ಚರಿತ್ರೆಗೆ ಕಥೆಯಾದರೂ ಉಂಟು. ಪೌರನೀತಿಗೆ ಮಾತ್ರ ಪುಸ್ತಕದ ಕೊನೆಯ ಹಾಳೆಗಳೂ ವರ್ಷದ ಕೊನೆಯ ವಾರಗಳೂ ಮೀಸಲು. ರಾಷ್ಟ್ರಪತಿಯಾಗಲು ಎಷ್ಟು ವಯಸ್ಸಾಗಿರಬೇಕು, ರಾಜ್ಯಸಭೆಯ ಸದಸ್ಯರ ಅವಧಿ ಎಷ್ಟು ವರ್ಷ ಎಂಬಂಥ ನಾಲ್ಕು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡರೆ ಪರೀಕ್ಷೆಯ ಮಟ್ಟಿಗೆ ಹುಡುಗನು ಪೌರನಾದನೆಂದೇ ಲೆಕ್ಕ. ಹತ್ತನೆಯ ತರಗತಿಯ ಹುಡುಗನಿಗೂ ಹುಡುಗಿಗೂ ಮತದಾನದ ಹಕ್ಕು ಬರಲು ಇನ್ನು ಎರಡು ಮೂರು ವರ್ಷ ಮಾತ್ರ ಉಳಿದಿರುತ್ತದೆ. ಅಷ್ಟು ಹತ್ತಿರವಿರುವ ಹೊಣೆಗೆ ಇಷ್ಟು ತೆಳುವಾದ ಸಿದ್ಧತೆಯನ್ನು ನಾವು ಬೇರಾವ ವಿಷಯದಲ್ಲಿಯೂ ಸಹಿಸುತ್ತಿರಲಿಲ್ಲ.

ಈಚಿನ ವರ್ಷಗಳಲ್ಲಿ ಈ ಬಡ ವಿಷಯಕ್ಕೆ ಹಬ್ಬದ ಕಳೆ ಬಂದಿದೆ. 2015ರಿಂದ ನವೆಂಬರ್ 26ನೆಯ ದಿನವು ಸಂವಿಧಾನ ದಿನವೆಂದು ಆಚರಣೆಗೆ ಬಂದಿತು. ಕರ್ನಾಟಕದಲ್ಲಿ 2023ರ ಸೆಪ್ಟೆಂಬರ್ 15ರಂದು ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಜನರು ಸೇರಿ ಸಂವಿಧಾನದ ಪೀಠಿಕೆಯನ್ನು ಒಟ್ಟಾಗಿ ಓದಿದರು. 2024ರ ಆರಂಭದಲ್ಲಿ ಸಂವಿಧಾನ ಜಾಗೃತಿ ಜಾಥಾ ರಾಜ್ಯದ ಹಳ್ಳಿಗಳನ್ನು ಹಾದು ಹೋಯಿತು. ಇವುಗಳ ಜೊತೆಗೆ ರಸಪ್ರಶ್ನೆ, ಪ್ರಬಂಧ, ಭಾಷಣ, ಯುವ ಸಂಸತ್ತು, ಅಣಕು ನ್ಯಾಯಾಲಯ ಎಂದು ಬಗೆಬಗೆಯ ಸ್ಪರ್ಧೆಗಳು ವಿದ್ಯಾರ್ಥಿಗಳ ಮುಂದೆ ಬಂದು ನಿಂತಿವೆ. ಇದನ್ನು ಕಂಡು ಹಿಗ್ಗುವವರಿದ್ದಾರೆ; ಸಂವಿಧಾನಕ್ಕೂ ಬಹುಮಾನದ ಬಟ್ಟಲಿಗೂ ಏನು ಸಂಬಂಧವೆಂದು ಮೂಗು ಮುರಿಯುವವರೂ ಇದ್ದಾರೆ. ಉಪಾಧ್ಯಾಯನಾಗಿ ಹಲವು ವರ್ಷ ಕಳೆದು, ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರನ ಕುರ್ಚಿಯಲ್ಲಿಯೂ ಕುಳಿತು ಬಂದವನಾದ ನಾನು ಈ ಎರಡು ಪಂಗಡಗಳಿಗೂ ಪೂರ್ತಿಯಾಗಿ ಸೇರಲಾರೆ. ಸ್ಪರ್ಧೆಯು ಒಳ್ಳೆಯದೆ ಕೆಟ್ಟದೆ ಎಂದು ಕೇಳುವುದಕ್ಕಿಂತ, ಆ ಸ್ಪರ್ಧೆಯಲ್ಲಿ ಎರಡನೆಯ ಪ್ರಶ್ನೆಗೆ ಎಡೆಯುಂಟೆ ಎಂದು ಕೇಳುವುದು ಲೇಸೆಂದು ನನ್ನ ಅಭಿಪ್ರಾಯ.

ಎರಡನೆಯ ಪ್ರಶ್ನೆಯೆಂದರೇನೆಂಬುದನ್ನು ಬಿಡಿಸಿ ಹೇಳಬೇಕು. ಮೊದಲನೆಯ ಪ್ರಶ್ನೆಗೆ ಉತ್ತರವು ಪುಸ್ತಕದಲ್ಲಿರುತ್ತದೆ. ಆ ಉತ್ತರವನ್ನು ಕೇಳಿದವನು ಸುಮ್ಮನಾಗದೆ, ‘ಸರಿ, ಹಾಗಾದರೆ ಅದೇಕೆ ಹಾಗೆ? ಹಾಗಿಲ್ಲದಿದ್ದರೆ ಏನಾಗುತ್ತಿತ್ತು? ನಿನ್ನ ಮಾತನ್ನು ಒಪ್ಪದವನು ಏನು ಹೇಳಿಯಾನು?’ ಎಂದು ಕೇಳಿದರೆ, ಅದು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರವು ಉತ್ತರಿಸುವವನ ಒಳಗಿನಿಂದಲೇ ಹುಟ್ಟಿ ಬರಬೇಕು. ಆಳುವವರನ್ನು ಪ್ರಜೆಗಳು ಕೇಳಬೇಕಾದದ್ದೂ, ಪ್ರಜೆಯು ತನ್ನನ್ನು ತಾನೇ ಕೇಳಿಕೊಳ್ಳಬೇಕಾದದ್ದೂ ಬಹುಮಟ್ಟಿಗೆ ಈ ಜಾತಿಯ ಪ್ರಶ್ನೆಯೇ.

ಒಂದು ರಸಪ್ರಶ್ನೆಯ ಪಂದ್ಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಊರಿನ ಹೆಸರು ಬೇಡ. ವೇದಿಕೆಯ ಮೇಲೆ ಕುಳಿತಿದ್ದ ಒಬ್ಬ ಹುಡುಗ ಅಸಾಧಾರಣ ಚುರುಕಿನವನು. ಸಂವಿಧಾನ ಸಭೆಯು ಎಷ್ಟು ಕಾಲ ಕೆಲಸ ಮಾಡಿತೆಂದು ಕೇಳಿದೊಡನೆಯೇ, 2 ವರ್ಷ 11 ತಿಂಗಳು 18 ದಿನವೆಂದನು. ಎಷ್ಟು ಅಧಿವೇಶನಗಳೆಂದರೆ 11. ಎಷ್ಟು ದಿನ ಕುಳಿತಿತೆಂದರೆ 165. ಎಲ್ಲವೂ ಸರಿಯೇ. ನಾನು ಕುತೂಹಲದಿಂದ, “ಅಷ್ಟು ಕಾಲ ಏಕೆ ಬೇಕಾಯಿತಪ್ಪಾ?” ಎಂದು ಕೇಳಿದೆ. ಹುಡುಗನು ತನ್ನ ಉಪಾಧ್ಯಾಯರ ಮುಖವನ್ನು ನೋಡಿದನು. ಸಭೆ ನಕ್ಕಿತು. ವ್ಯವಸ್ಥಾಪಕರೊಬ್ಬರು ಬಂದು, “ಸಾರ್, ಆ ತರದ ಪ್ರಶ್ನೆ ಪಟ್ಟಿಯಲ್ಲಿಲ್ಲ, ಅಂಕ ಹಾಕುವುದು ಕಷ್ಟವಾಗುತ್ತದೆ,” ಎಂದು ಕಿವಿಯಲ್ಲಿ ಹೇಳಿದರು. ಅವರ ಕಷ್ಟ ನಿಜವಾದದ್ದೇ. ಅಂಕ ಹಾಕಲು ಸುಲಭವಾದುದನ್ನು ಮಾತ್ರ ಕೇಳುವುದೆಂದು ನಿಶ್ಚಯಿಸಿದ ಮೇಲೆ, ಕೇಳಬೇಕಾದುದೆಲ್ಲವೂ ಪಟ್ಟಿಯ ಹೊರಗೇ ಉಳಿಯುತ್ತದೆ.

ಆ ಹುಡುಗನ ಜ್ಞಾಪಕಶಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಂಕಿಗಳು ಗೊತ್ತಿರಬೇಕು. ಆದರೆ ಆ ಅಂಕಿಗಳ ಹಿಂದೆ ಎಂಥ ಜೀವಂತವಾದ ಜಗತ್ತು ಅಡಗಿದೆಯೆಂಬುದನ್ನು ಅವನಿಗೆ ಯಾರೂ ತೋರಿಸಿರಲಿಲ್ಲವೆಂಬುದೇ ನನ್ನ ವ್ಯಥೆ. ಕರಡು ಸಂವಿಧಾನಕ್ಕೆ ಸದಸ್ಯರು ಸೂಚಿಸಿದ ತಿದ್ದುಪಡಿಗಳು 7,600ಕ್ಕೂ ಮಿಗಿಲು; ಅವುಗಳಲ್ಲಿ 2,473 ಸಭೆಯ ಮುಂದೆ ಮಂಡಿತವಾದುವು. ಅಂದರೆ, ಅಷ್ಟು ಸಲ ಒಬ್ಬರಲ್ಲ ಒಬ್ಬರು ಎದ್ದು ನಿಂತು, ‘ಇದು ಹೀಗಿರಬಾರದು, ಹಾಗಿರಬೇಕು’ ಎಂದು ಹೇಳಿದರು. ಇನ್ನೊಬ್ಬರು ಎದ್ದು ಕಾರಣ ಕೇಳಿದರು. ಸಂವಿಧಾನವು ಆಕಾಶದಿಂದ ಇಳಿದು ಬಂದ ಶ್ರುತಿಯಲ್ಲ, ಎರಡನೆಯ ಪ್ರಶ್ನೆಗಳ ಬೆಂಕಿಯಲ್ಲಿ ಬೆಂದು ಬಂದ ಇಟ್ಟಿಗೆಗಳ ಕಟ್ಟಡ.

ಒಂದು ದಿನದ ನಡಾವಳಿಯನ್ನೇ ನೋಡಬಹುದು. 1949ರ ಅಕ್ಟೋಬರ್ 17. ಪೀಠಿಕೆಯ ಮೇಲಿನ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿ, ಮಧ್ಯಪ್ರಾಂತದ ಪ್ರತಿನಿಧಿಯಾಗಿ ಸಭೆಯಲ್ಲಿದ್ದ ಎಚ್. ವಿ. ಕಾಮತರು, ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಅಸ್ಸಾಮಿನ ರೋಹಿಣಿ ಕುಮಾರ ಚೌಧುರಿಯವರು, ದೇವರೆಂದರೆ ಸಾಲದು, ದೇವಿಯ ಹೆಸರೂ ಬೇಕು, ಶಾಕ್ತರಾದ ನಮ್ಮನ್ನು ಮರೆತಿರೇಕೆ ಎಂದು ಕೇಳಿದರು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರು, ನಂಬಿಕೆಯ ವಿಷಯದಲ್ಲಿ ಯಾರ ಮೇಲೂ ಬಲವಂತ ಕೂಡದೆಂದರು. ಹೃದಯನಾಥ ಕುಂಜ್ರೂ ಅವರು, ನಂಬಿಕೆಯ ಸ್ವಾತಂತ್ರ್ಯವನ್ನು ಸಾರುವ ಪೀಠಿಕೆಯಲ್ಲಿಯೇ ಒಂದು ನಂಬಿಕೆಯನ್ನು ಎಲ್ಲರ ಮೇಲೂ ಹೇರುವುದು ಹೊಂದಲಾರದೆಂದು ವಾದಿಸಿದರು. ಕೊನೆಗೆ ಮತಕ್ಕೆ ಹಾಕಿದಾಗ ಪರವಾಗಿ 41, ವಿರೋಧವಾಗಿ 68. ದೇವರಲ್ಲಿ ನಂಬಿಕೆಯಿಲ್ಲದವರು ಗೆದ್ದರೆಂದು ಇದರ ಅರ್ಥವಲ್ಲ. ನಂಬಿಕೆಯುಳ್ಳವರೇ ಕೆಲವರು ನಂಬಿಕೆಯ ಗೌರವಕ್ಕಾಗಿಯೇ ವಿರೋಧಿಸಿದರು. ಈ ಒಂದು ಮಧ್ಯಾಹ್ನವನ್ನು ತರಗತಿಯಲ್ಲಿ ಪುನಃ ನಡೆಯಿಸಿ, ನೀನು ಕಾಮತರ ಪರ, ನೀನು ಕುಂಜ್ರೂ ಅವರ ಪರ ಎಂದು ಹಂಚಿಕೊಟ್ಟರೆ, ಪೀಠಿಕೆಯ ಒಂದೊಂದು ಮಾತಿಗೂ ಎಷ್ಟು ತೂಕವಿದೆಯೆಂಬುದು ಹದಿನಾಲ್ಕು ವರ್ಷದ ಮಕ್ಕಳಿಗೂ ತಿಳಿಯುತ್ತದೆ. ನೂರು ಸಲ ಕಂಠಪಾಠವಾಗಿ ಒಪ್ಪಿಸಿದರೂ ಅಷ್ಟು ತಿಳಿಯಲಾರದು.

ಈ ಬಗೆಯ ಕಲಿಕೆಯನ್ನು ಒಂದು ದೊಡ್ಡ ಪಂದ್ಯವಾಗಿ ರೂಪಿಸಿದ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿಯ ಸಂವಿಧಾನಕ್ಕೆ ಇನ್ನೂರು ವರ್ಷ ತುಂಬಿದ 1987ರಲ್ಲಿ ‘ವೀ ದ ಪೀಪಲ್’ ಎಂಬ ಹೆಸರಿನ ಪಾಠಕ್ರಮವೊಂದು ಶಾಲೆಗಳಲ್ಲಿ ಆರಂಭವಾಯಿತು. ಅದರ ಕೊನೆಯ ಪರೀಕ್ಷೆಯು ಬರವಣಿಗೆಯದಲ್ಲ, ಶಾಸನಸಭೆಯ ಸಮಿತಿಯೆದುರು ಸಾಕ್ಷ್ಯ ನುಡಿಯುವ ಮಾದರಿಯ ಒಂದು ವಿಚಾರಣೆ. ಇಡೀ ತರಗತಿಯನ್ನು ಆರು ಗುಂಪುಗಳಾಗಿ ಹಂಚುತ್ತಾರೆ. ಸಂವಿಧಾನದ ತಾತ್ತ್ವಿಕ ಮೂಲ, ಅದರ ರಚನೆ, ಹಕ್ಕುಗಳ ಸನ್ನದು ಮೊದಲಾದ ಒಂದೊಂದು ಭಾಗ ಒಂದೊಂದು ಗುಂಪಿನದು. ತೀರ್ಪುಗಾರರ ಮುಂದೆ ಪ್ರತಿ ಗುಂಪೂ 4 ನಿಮಿಷ ತಾನು ಸಿದ್ಧಪಡಿಸಿ ತಂದ ಮಾತನ್ನು ಹೇಳುತ್ತದೆ. ಆಮೇಲೆ 6 ನಿಮಿಷ ತೀರ್ಪುಗಾರರು ಕೇಳುವ ಪ್ರಶ್ನೆಗಳಿಗೆ ಮಕ್ಕಳು ಆ ಕ್ಷಣದಲ್ಲಿಯೇ ಯೋಚಿಸಿ ಉತ್ತರಿಸಬೇಕು.

ಈ ಕಾಲವಿಭಾಗವನ್ನು ವಾಚಕರು ಗಮನಿಸಬೇಕೆಂದು ಕೋರುತ್ತೇನೆ. ಸಿದ್ಧಭಾಷಣಕ್ಕೆ 4, ಪ್ರಶ್ನೋತ್ತರಕ್ಕೆ 6. ನಮ್ಮ ಭಾಷಣಸ್ಪರ್ಧೆಗಳಲ್ಲಿ ಸಿದ್ಧಭಾಷಣಕ್ಕೇ ಪೂರ್ತಿ ಕಾಲ, ಪ್ರಶ್ನೆಗೆ ಸೊನ್ನೆ. ಇನ್ನೂ ಒಂದು ಗುಣ ಆ ಏರ್ಪಾಡಿನಲ್ಲಿದೆ. ಅಲ್ಲಿ ಸ್ಪರ್ಧಿಸುವುದು ತರಗತಿಯೇ ಹೊರತು ತರಗತಿಯ ಇಬ್ಬರು ಜಾಣರಲ್ಲ. ಮಾತಿನಲ್ಲಿ ಹಿಂದುಳಿದವನನ್ನು ಮನೆಯಲ್ಲಿ ಬಿಟ್ಟು ಬರುವಂತಿಲ್ಲ. ಅವನಿಗೂ ವಿಷಯ ತಿಳಿಯುವಂತೆ ಮಾಡುವುದು ಉಳಿದವರ ಸ್ವಾರ್ಥಕ್ಕೇ ಅಗತ್ಯವಾಗುತ್ತದೆ. ಪ್ರಜಾಪ್ರಭುತ್ವದ ಗುಟ್ಟೂ ಬಹುಶಃ ಇದೇ ಅಲ್ಲವೆ? ನೆರೆಯವನ ಅಜ್ಞಾನವು ನನಗೂ ನಷ್ಟವೆಂಬುದು ಅರಿವಾಗದ ಹೊರತು ಯಾವ ದೇಶದಲ್ಲಿಯೂ ಸಾರ್ವಜನಿಕ ಶಿಕ್ಷಣ ಉದ್ಧಾರವಾಗಿಲ್ಲ.

ಆ ಏರ್ಪಾಡಿನ ಒಡಹುಟ್ಟಿನಂತೆ 1990ರ ದಶಕದಲ್ಲಿ ‘ಪ್ರಾಜೆಕ್ಟ್ ಸಿಟಿಜನ್’ ಎಂಬುದೊಂದು ಬೆಳೆಯಿತು. ಇದರಲ್ಲಿ ಮಕ್ಕಳು ಗ್ರಂಥವನ್ನು ಬಿಟ್ಟು ಬೀದಿಗೆ ಬರುತ್ತಾರೆ. ತಮ್ಮ ಊರಿನ ಒಂದು ಸಾರ್ವಜನಿಕ ತೊಂದರೆಯನ್ನು ಆರಿಸಿಕೊಳ್ಳುವುದು. ಅದಕ್ಕಿರುವ ಬೇರೆ ಬೇರೆ ಪರಿಹಾರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗುವುದು. ತಮಗೆ ಸರಿಯೆನಿಸಿದ ನೀತಿಯನ್ನು ಬರೆಯುವುದು. ಅದನ್ನು ಸರ್ಕಾರದವರು ಒಪ್ಪುವಂತೆ ಮಾಡುವ ದಾರಿಯನ್ನು ಯೋಜಿಸುವುದು: ಹೀಗೆ ನಾಲ್ಕು ಮೆಟ್ಟಲು. ಮಕ್ಕಳು ಸೂಚಿಸಿದ ನೀತಿಯು ಸಂವಿಧಾನಕ್ಕೆ ವಿರುದ್ಧವಾಗಿಲ್ಲವೆ ಎಂಬುದನ್ನೂ ಅವರೇ ಪರಿಶೀಲಿಸಿ ಬರೆಯಬೇಕೆಂಬ ನಿಯಮವುಂಟು. ಊರನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ ಬಡವನ ಗಾಡಿಯನ್ನು ಕಿತ್ತೆಸೆಯುವ ಸಲಹೆ ಬರದಂತೆ ಇದೊಂದು ಕಾವಲು.

ಅಮೆರಿಕದ ಏರ್ಪಾಡೆಂದರೆ ಎಲ್ಲವೂ ಚಿನ್ನವೆಂದು ನಾನು ಹೇಳುತ್ತಿಲ್ಲ. ‘ವೀ ದ ಪೀಪಲ್’ ಪಾಠಕ್ರಮಕ್ಕೆ ಅಲ್ಲಿಯ ಕೇಂದ್ರ ಸರ್ಕಾರವು ಕೊಡುತ್ತ ಬಂದಿದ್ದ ಹಣವು 2011ರಲ್ಲಿ ನಿಂತು ಹೋಯಿತು. ಅಂಕ ಹಾಕುವವರ ಕಣ್ಣು ಅಲ್ಲಿಯೂ ಮಂಜಾಗಬಲ್ಲದೆಂಬುದಕ್ಕೆ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಅದು ಪಂದ್ಯದ ಕಥೆಯಲ್ಲ, ತರಗತಿಯ ಕಥೆ. ಆದರೆ ಪಂದ್ಯಗಳನ್ನು ನಡೆಸುವ ಎಲ್ಲರೂ ನೆನಪಿಡತಕ್ಕದ್ದು. 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿಯು ಒಂದು ಪ್ರಬಂಧ ಬರೆದನು. ಶಾಸನಸಭೆಯ ಸದಸ್ಯರು ತಮ್ಮ ಸಂಬಳವನ್ನು ಬದಲಾಯಿಸಿಕೊಂಡರೆ, ನಡುವೆ ಒಂದು ಚುನಾವಣೆ ಆಗುವವರೆಗೂ ಅದು ಜಾರಿಗೆ ಬರಕೂಡದೆಂಬ ತಿದ್ದುಪಡಿಯೊಂದು 1789ರಲ್ಲಿಯೇ ಸೂಚಿತವಾಗಿ, ಸಾಕಷ್ಟು ರಾಜ್ಯಗಳ ಒಪ್ಪಿಗೆ ದೊರೆಯದೆ ಬಿದ್ದಿತ್ತು. ಅದಕ್ಕೆ ಕಾಲದ ಗಡುವಿಲ್ಲವಾದುದರಿಂದ ಅದು ಇನ್ನೂ ಬದುಕಿದೆ, ಈಗಲೂ ಒಪ್ಪಬಹುದು ಎಂಬುದು ಅವನ ವಾದ. ಪ್ರಬಂಧಕ್ಕೆ ಬಂದ ದರ್ಜೆ ‘ಸಿ’. ಅವನು ಕೈಕಟ್ಟಿ ಕುಳಿತುಕೊಳ್ಳದೆ ರಾಜ್ಯಗಳ ಶಾಸನಸಭೆಗಳಿಗೆ ಒಂದೊಂದಾಗಿ ಪತ್ರ ಬರೆಯುತ್ತ ಹೋದನು. ಹತ್ತು ವರ್ಷದ ಬಳಿಕ, 1992ರಲ್ಲಿ, ಅದು ಅಮೆರಿಕದ ಸಂವಿಧಾನದ 27ನೆಯ ತಿದ್ದುಪಡಿಯಾಗಿ ಸೇರಿತು. ದರ್ಜೆಯು ‘ಸಿ’ಯಿಂದ ‘ಎ’ಗೆ ಏರಲು 2017ರವರೆಗೂ ಕಾಯಬೇಕಾಯಿತು. ದೇಶದ ಸಂವಿಧಾನವನ್ನು ತಿದ್ದುವುದಕ್ಕಿಂತ ಅಂಕಪಟ್ಟಿಯನ್ನು ತಿದ್ದುವುದು ಕಷ್ಟವೆಂಬುದು ಇದರಿಂದ ಸಿದ್ಧಪಡುತ್ತದೆ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಇಲ್ಲಿಯೂ ಈ ಪ್ರಯತ್ನ ನಿನ್ನೆ ಮೊನ್ನೆಯದಲ್ಲ. 1962ರಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಖಿಲ ಭಾರತ ಸಚೇತಕರ ಸಮ್ಮೇಳನವು, ವಿದ್ಯಾಸಂಸ್ಥೆಗಳಲ್ಲಿ ಯುವ ಸಂಸತ್ತುಗಳನ್ನು ನಡೆಸಬೇಕೆಂದು ಶಿಫಾರಸು ಮಾಡಿತು. ಅದರಂತೆ 1966-67ರಲ್ಲಿ ದೆಹಲಿಯ ಶಾಲೆಗಳಲ್ಲಿ ಯುವ ಸಂಸತ್ತಿನ ಸ್ಪರ್ಧೆ ಮೊದಲಾಯಿತು. ಮುಂದೆ ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ, ವಿಶ್ವವಿದ್ಯಾನಿಲಯಗಳಿಗೂ ಹಬ್ಬಿತು. ಕರ್ನಾಟಕ ಸರ್ಕಾರವೂ ತನ್ನದೇ ಯುವ ಸಂಸತ್ತಿನ ಸ್ಪರ್ಧೆಗಳನ್ನು ನಡೆಯಿಸಿಕೊಂಡು ಬಂದಿದೆ. ಒಬ್ಬಳು ಸಭಾಧ್ಯಕ್ಷೆ, ಒಬ್ಬನು ಪ್ರಧಾನಿ, ಒಬ್ಬಳು ವಿರೋಧಪಕ್ಷದ ನಾಯಕಿ. ಪ್ರಮಾಣವಚನ, ಸಂತಾಪಸೂಚನೆ, ಪ್ರಶ್ನೋತ್ತರ, ಮಸೂದೆ, ಮತಗಣನೆ: ಎಲ್ಲವೂ ಶಾಸ್ತ್ರೋಕ್ತ. ವಿರೋಧಿಸುವುದೂ ಒಂದು ಗೌರವದ ಪದವಿ, ಅದಕ್ಕೂ ಒಂದು ಆಸನವುಂಟು ಎಂಬುದನ್ನು ಮಗುವು ಕಣ್ಣಾರೆ ಕಾಣುತ್ತದಲ್ಲ, ಅದೊಂದೇ ಸಾಕು ಈ ಆಟವನ್ನು ಹೊಗಳುವುದಕ್ಕೆ.

ಆದರೆ ಈ ಆಟದ ಜೀವಸ್ಥಾನವೇ ಹಲವು ವೇಳೆ ಬಡಿತವಿಲ್ಲದೆ ಇರುತ್ತದೆ. ಶಾಸನಸಭೆಯ ಪ್ರಶ್ನೋತ್ತರದ ವೇಳೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯೆಂಬುದು ಒಂದುಂಟು. ಮಂತ್ರಿಯು ಅದಕ್ಕೆ ಬಾಯಿಮಾತಿನಲ್ಲಿ ಉತ್ತರ ಕೊಟ್ಟ ಬಳಿಕ ಸದಸ್ಯರು ಉಪಪ್ರಶ್ನೆಗಳನ್ನು ಕೇಳಬಹುದು. ಮೊದಲ ಉತ್ತರವನ್ನು ಇಲಾಖೆಯ ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ. ಉಪಪ್ರಶ್ನೆಯು ಬಿದ್ದಾಗಲೇ ಮಂತ್ರಿಗೆ ತನ್ನ ಇಲಾಖೆ ಗೊತ್ತೆ ಇಲ್ಲವೆ ಎಂಬುದು ಬಯಲಾಗುವುದು. ನಾನು ಹೇಳುತ್ತಿರುವ ಎರಡನೆಯ ಪ್ರಶ್ನೆಗೆ ಶಾಸನಸಭೆಯೇ ಇಟ್ಟಿರುವ ಹೆಸರು ಉಪಪ್ರಶ್ನೆ. ನಮ್ಮ ಶಾಲಾ ಸಂಸತ್ತುಗಳಲ್ಲಿಯಾದರೋ ಪ್ರಶ್ನೆಯನ್ನು ಬರೆದವರು ಉಪಾಧ್ಯಾಯರು; ಉತ್ತರವನ್ನು ಬರೆದವರೂ ಅವರೇ; ಉಪಪ್ರಶ್ನೆಯೂ, ಅದನ್ನು ಕೇಳಿ ಸಿಟ್ಟಾಗಿ ಮೇಜು ಗುದ್ದುವುದೂ ಅವರೇ ಬರೆದಿಟ್ಟದ್ದು. ಇದು ನಾಟಕವಾಯಿತು. ನಾಟಕವು ಒಳ್ಳೆಯದೇ, ಆದರೆ ಅದಕ್ಕೆ ನಾಟಕವೆಂದೇ ಬಹುಮಾನ ಕೊಡಬೇಕು. ರಾಜಕೀಯ ಪಕ್ಷಗಳ ಹೆಸರನ್ನು ಎತ್ತಬಾರದೆಂಬ ನಿಯಮ ವಿವೇಕದ್ದು. ಆ ನಿಯಮದ ಮರೆಯಲ್ಲಿ ಜನರಿಗೆ ನಿಜವಾಗಿ ನೋಯುವ ವಿಷಯಗಳನ್ನೆಲ್ಲ ಕೈಬಿಟ್ಟು, ಯಾರಿಗೂ ವಿರೋಧವಿಲ್ಲದ ಗಿಡ ನೆಡುವ ನಿರ್ಣಯವನ್ನೇ ವರ್ಷ ವರ್ಷವೂ ಅಂಗೀಕರಿಸುವುದು ಮಾತ್ರ ವಿವೇಕವಲ್ಲ. ಯಾರೂ ಭಿನ್ನಾಭಿಪ್ರಾಯ ಪಡಲಾಗದ ವಿಷಯಕ್ಕೆ ಸಂಸತ್ತು ಏಕೆ ಬೇಕು?

ಉಪಾಧ್ಯಾಯರ ಪಕ್ಷವನ್ನೂ ಹೇಳಬೇಕು. ಅವರಿಗೆ ಧೈರ್ಯ ಕಡಿಮೆಯೆಂದು ಜರೆಯುವುದು ಸುಲಭ. ಸಂವಿಧಾನದ ಪಾಠದಲ್ಲಿ ಜಾತಿಯ ಮಾತು ಬರುತ್ತದೆ, ಮತದ ಮಾತು ಬರುತ್ತದೆ, ಮೀಸಲಾತಿಯ ಮಾತು ಬರುತ್ತದೆ. ಮಗುವು ಮನೆಗೆ ಹೋಗಿ ಅರ್ಧ ಮಾತನ್ನು ಹೇಳುತ್ತದೆ. ಮರುದಿನ ಯಾರೋ ದೂರು ಹಿಡಿದು ಶಾಲೆಯ ಬಾಗಿಲಿಗೆ ಬರುತ್ತಾರೆ. ಈ ಭಯ ಕಾಲ್ಪನಿಕವಲ್ಲ. ಇಂಥ ಕಡೆ ಸ್ಪರ್ಧೆಯ ನಿಯಮವೇ ಉಪಾಧ್ಯಾಯರಿಗೆ ಗುರಾಣಿಯಾಗಬಲ್ಲದು. ಎರಡು ಪಕ್ಷಗಳನ್ನೂ ವಾದಿಸಬೇಕೆಂದು ನಿಯಮವೇ ವಿಧಿಸಿದರೆ, ಯಾವ ಪಕ್ಷವನ್ನು ಹೇಳಿಕೊಟ್ಟಿರೆಂದು ಅವರನ್ನು ಯಾರೂ ಕೇಳುವಂತಿಲ್ಲ.

ಈ ಗುಣವು ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯದಲ್ಲಿ ಚೆನ್ನಾಗಿ ಬೆಳೆದಿದೆ. ಅಲ್ಲಿ ಬೆಳಗ್ಗೆ ಅರ್ಜಿದಾರನ ಪರ ವಾದಿಸಿದ ವಿದ್ಯಾರ್ಥಿಯು ಮಧ್ಯಾಹ್ನ ಸರ್ಕಾರದ ಪರ ನಿಲ್ಲಬೇಕಾಗುತ್ತದೆ. ನ್ಯಾಯಮೂರ್ತಿಯ ಪಾತ್ರದಲ್ಲಿರುವವರು ಮಾತಿನ ನಡುವೆಯೇ ತಡೆದು ಕೇಳುತ್ತಾರೆ. ಕನ್ನಡಿಗರು ಇದಕ್ಕೆ ವಸ್ತುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾನೂನಿನ ವಿರುದ್ಧ ತಂದ ವ್ಯಾಜ್ಯವನ್ನು 13 ಮಂದಿ ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲರಚನೆಯನ್ನು ಕೆಡಿಸುವ ಅಧಿಕಾರ ಸಂಸತ್ತಿಗಿಲ್ಲವೆಂದು 7 ಮಂದಿ ಹೇಳಿದರು, 6 ಮಂದಿ ಆ ಮಾತನ್ನು ಒಪ್ಪಲಿಲ್ಲ. ದೇಶದ ಅತ್ಯಂತ ದೊಡ್ಡ ತೀರ್ಪು ಒಂದೇ ಮತದ ಅಂತರದಲ್ಲಿ ನಿಂತಿದೆಯೆಂದ ಮೇಲೆ, ಸೋತ ಪಕ್ಷವನ್ನು ಮೂರ್ಖಪಕ್ಷವೆಂದು ತಳ್ಳುವುದು ಸಾಧ್ಯವೆ? ಜನರು ಆರಿಸಿದ ಸಂಸತ್ತಿನ ಕೈಯನ್ನು ಆರಿಸಿಬರದ ನ್ಯಾಯಮೂರ್ತಿಗಳು ಕಟ್ಟಬಹುದೆ ಎಂಬುದು ಇಂದಿಗೂ ಒಳ್ಳೆಯ ಪ್ರಶ್ನೆ. 1992ರ ಮೋಹಿನಿ ಜೈನ್ ಮೊಕದ್ದಮೆಯನ್ನಂತೂ ಪ್ರೌಢಶಾಲೆಯ ಮಕ್ಕಳೂ ವಾದಿಸಬಲ್ಲರು. ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ತಲೆಶುಲ್ಕದಿಂದ ಹುಟ್ಟಿದ ಆ ವ್ಯಾಜ್ಯವು ಶಿಕ್ಷಣವು ಹಕ್ಕೆ ಅಲ್ಲವೆ ಎಂಬಲ್ಲಿಗೆ ಮುಟ್ಟಿತು. 2002ರ 86ನೆಯ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕಾಗುವವರೆಗಿನ ದಾರಿಯಲ್ಲಿ ಅದೊಂದು ಮೈಲಿಗಲ್ಲು. ತಾನು ಕುಳಿತಿರುವ ಬೆಂಚು ತನಗೆ ಹಕ್ಕಾಗಿ ಬಂದುದು ಹೇಗೆಂಬುದು ಯಾವ ಮಗುವಿಗೆ ಬೇಡ?

ಎರಡು ಪಕ್ಷಗಳನ್ನೂ ವಾದಿಸಿದವನಿಗೆ ಯಾವ ಪಕ್ಷದಲ್ಲಿಯೂ ನಿಷ್ಠೆ ಉಳಿಯಲಾರದೆಂದು ಕೆಲವು ಹಿರಿಯರು ಆಕ್ಷೇಪಿಸುವುದುಂಟು. ಆಕ್ಷೇಪ ಗಂಭೀರವಾದದ್ದು. ಆದರೆ ನಮ್ಮ ಶಾಸ್ತ್ರಕಾರರ ಪದ್ಧತಿ ನೆನಪಿರಲಿ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳದೆ ಸಿದ್ಧಾಂತಕ್ಕೆ ಕೈಹಾಕಿದವನನ್ನು ಅವರು ಪಂಡಿತನೆಂದು ಗಣಿಸುತ್ತಿರಲಿಲ್ಲ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನ ನಿಷ್ಠೆ ತಿಳಿವಿನಿಂದ ಬಂದುದು, ಆದುದರಿಂದ ಬಾಳುವಂಥದು.

ಇದಕ್ಕಿಂತ ಬಲವಾದ ಆಕ್ಷೇಪ ಬೇರೊಂದಿದೆ. ಸ್ಪರ್ಧೆಯೆಂದರೆ ಗೆಲ್ಲುವವರು ಇಬ್ಬರು, ಚಪ್ಪಾಳೆ ತಟ್ಟುವವರು ಇನ್ನೂರು. ಚಪ್ಪಾಳೆಯವರ ಪೌರನೀತಿಯ ಗತಿಯೇನು? ಗೆಲ್ಲುವ ಇಬ್ಬರು ಸಾಮಾನ್ಯವಾಗಿ ಪಟ್ಟಣದವರು, ಇಂಗ್ಲಿಷ್ ಬಲ್ಲವರು, ಮನೆಯಲ್ಲಿ ಪುಸ್ತಕವುಳ್ಳವರು. ಸಂವಿಧಾನವು ಕನ್ನಡದಲ್ಲಿ ದೊರೆಯುತ್ತದೆ. ಆದರೆ ದೊಡ್ಡ ಪಂದ್ಯಗಳ ವಾದಭಾಷೆ ಬಹುಮಟ್ಟಿಗೆ ಇಂಗ್ಲಿಷ್. ‘ನಾವು, ಭಾರತದ ಜನರು’ ಎಂದು ಆರಂಭವಾಗುವ ಗ್ರಂಥದ ಮೇಲಿನ ಪಂದ್ಯದಲ್ಲಿ ಜನರ ಭಾಷೆಗೆ ಹಿಂದಿನ ಸಾಲಾದರೆ, ಸಮಾನತೆಯ ಮಾತನ್ನು ಆ ವೇದಿಕೆಯಿಂದ ಆಡುವುದು ಚೆನ್ನಾಗಿ ಕಾಣದು. ಡಿ. ವಿ. ಗುಂಡಪ್ಪನವರು ‘ರಾಜ್ಯಶಾಸ್ತ್ರ’ವನ್ನೂ ‘ರಾಜ್ಯಾಂಗ ತತ್ತ್ವಗಳು’ ಎಂಬ ಗ್ರಂಥವನ್ನೂ ಕನ್ನಡದಲ್ಲಿಯೇ ಬರೆದು, ಇಂಥ ಸೂಕ್ಷ್ಮಗಳಿಗೆಲ್ಲ ನಮ್ಮ ನುಡಿ ಸಾಲುತ್ತದೆಂದು ತೋರಿಸಿಕೊಟ್ಟಿದ್ದಾರೆ. 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯ ಹೆಸರಿನಲ್ಲಿಯೇ ಗುರಿಯೂ ಇದೆ: ಸಾರ್ವಜನಿಕ ವಿಷಯಗಳ ವಿಚಾರವು ಸಾರ್ವಜನಿಕರಿಂದಲೇ ಆಗಬೇಕು.

ಸ್ಪರ್ಧೆಯು ಊರಿನ ಮಣ್ಣನ್ನು ಮುಟ್ಟಿದಾಗ ಏನಾಗಬಲ್ಲದೆಂಬುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದೆ. ಹಾಸನದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆ. ಸ್ಥಳೀಯ ಸಮಸ್ಯೆಯೊಂದಕ್ಕೆ ಪರಿಹಾರ ಸೂಚಿಸುವುದೇ ಸ್ಪರ್ಧೆಯ ವಿಷಯ. ಅಲ್ಲಿಯ 11 ಹುಡುಗಿಯರು ಬಸ್ಸಿನ ವಿಷಯವನ್ನು ಹಿಡಿದರು. ಶಾಲೆ ಬಿಡುವುದು ನಾಲ್ಕೂವರೆಗೆ. ಬಸ್ಸು ಹೊರಡುವುದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಆ ಬಸ್ಸು ತಪ್ಪಿದರೆ ಕತ್ತಲಾಗುವವರೆಗೂ ಕಾಯಬೇಕು, ಇಲ್ಲವೆ ಕೊನೆಯ ಪಾಠವನ್ನು ಬಿಟ್ಟು ಓಡಬೇಕು. ಒಂದು ತಿಂಗಳು ಅವರು ಬಸ್ಸು ಬಂದ ವೇಳೆಯನ್ನೂ ಹತ್ತಿದವರ ಸಂಖ್ಯೆಯನ್ನೂ ನೋಟುಪುಸ್ತಕದಲ್ಲಿ ಬರೆದರು. ಹೊಸ ಬಸ್ಸು ಕೇಳಿದರೆ ದೊರೆಯದು, ಇರುವ ಬಸ್ಸನ್ನು ಅರ್ಧ ಗಂಟೆ ತಡವಾಗಿ ಬಿಡಲು ಖರ್ಚೇನೂ ಇಲ್ಲ ಎಂಬುದು ಅವರ ತೀರ್ಮಾನ. ಇಲ್ಲಿಗೆ ಮೊದಲನೆಯ ಪ್ರಶ್ನೆ ಮುಗಿಯಿತು. ಆದರೆ ಅವರ ಮೇಡಂ ಜಾಣೆ. “ಈಗ ಆ ಬಸ್ಸಿನಲ್ಲಿ ಹೋಗುತ್ತಿರುವವರನ್ನು ಕೇಳಿದಿರೇನಮ್ಮಾ?” ಎಂದರು. ಕೇಳಿದರು. ಸಂತೆಗೆ ಸೊಪ್ಪು ಒಯ್ಯುವ ಮುದುಕಿಯೊಬ್ಬಳು, “ನಿಮಗೆ ಅರ್ಧ ಗಂಟೆ ಉಳೀತದೆ ಕಣವ್ವಾ, ನಂಗೆ ಮುಂದಿನ ಬಸ್ಸೇ ತಪ್ಪೋಯ್ತದೆ,” ಎಂದಳು. ಹುಡುಗಿಯರ ತೀರ್ಮಾನ ಒಂದು ಕ್ಷಣದಲ್ಲಿ ಕುಸಿಯಿತು. ನ್ಯಾಯವು ತಮ್ಮ ಕಡೆಗೇ ಇದೆಯೆಂದು ನಂಬಿದ್ದವರಿಗೆ ಎದುರಿಗೂ ಒಂದು ನ್ಯಾಯ ಕಾಣಿಸಿತು. ಕಡೆಗೆ ಅವರು, ಸಂತೆಯ ದಿನ ಹಳೆಯ ವೇಳೆ, ಉಳಿದ ದಿನಗಳಲ್ಲಿ ಹೊಸ ವೇಳೆ ಎಂದು ಬರೆದು, ಅದರ ಮೇಲೆ ಆ ಮುದುಕಿಯ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು ಡಿಪೋಗೆ ಕೊಟ್ಟು ಬಂದರು.

ಆ ಸ್ಪರ್ಧೆಯಲ್ಲಿ ಅವರಿಗೆ ಬಂದುದು ಮೂರನೆಯ ಬಹುಮಾನ. ಮೊದಲನೆಯದು ಬಣ್ಣದ ಭಿತ್ತಿಪತ್ರಗಳನ್ನು ಅಂದವಾಗಿ ಜೋಡಿಸಿ ವಿಶ್ವಶಾಂತಿಯ ವಿಚಾರ ಮಾತನಾಡಿದ ಇನ್ನೊಂದು ಶಾಲೆಗೆ ಹೋಯಿತು. ಆ ಸಲ ನಾನು ತೀರ್ಪುಗಾರನಾಗಿರಲಿಲ್ಲ, ಪ್ರೇಕ್ಷಕನಾಗಿದ್ದೆ. ಡಿಪೋದವರು ವೇಳೆಯನ್ನು ಬದಲಾಯಿಸಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹುಡುಗಿಯರು ಮೂರು ಸಲ ಹೋಗಿ ಬಂದಿದ್ದರು. ಆ ಮೂರು ಸಲದ ನಡಿಗೆಗೆ ಯಾವ ಅಂಕಪಟ್ಟಿಯಲ್ಲಿಯೂ ಮನೆಯಿಲ್ಲ. ಆದರೆ ಸಾರ್ವಜನಿಕ ನೀತಿಯೆಂಬುದರ ಸಾರವೆಲ್ಲ ಆ ನಡಿಗೆಯಲ್ಲಿತ್ತು: ಒಬ್ಬರ ಸುಖದ ಪಕ್ಕದಲ್ಲಿ ಇನ್ನೊಬ್ಬರ ಕಷ್ಟವನ್ನಿಟ್ಟು ನೋಡುವುದು, ಇಬ್ಬರೂ ಬಾಳುವಂಥ ಮಾತನ್ನು ಬರೆಯುವುದು, ಬರೆದುದನ್ನು ಬಿಡದೆ ಬೆನ್ನಟ್ಟುವುದು.

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. 144 ಮಂದಿ ಬಂದಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿಯನ್ನು ಕೇಳಬಹುದು, ಅಹವಾಲನ್ನು ಹೇಳಿಕೊಳ್ಳಬಹುದು, ಅಷ್ಟೆ. ಅಹವಾಲಿನಿಂದ ಹಕ್ಕಿಗೆ ಬರಲು ನಮ್ಮ ಹಿರಿಯರು ಎರಡು ಮೂರು ತಲೆಮಾರು ನಡೆದರು. ಇಂದು ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಯಿಸಬೇಕೆಂಬ ಏರ್ಪಾಡು ಕರ್ನಾಟಕದಲ್ಲಿದೆ. ಅಲ್ಲಿ ಬಹುಮಾನವಿಲ್ಲ, ಮಕ್ಕಳೆದುರು ಉತ್ತರ ಕೊಡಬೇಕಾದವರು ನಿಜವಾದ ಅಧ್ಯಕ್ಷರು, ನಿಜವಾದ ಅಭಿವೃದ್ಧಿ ಅಧಿಕಾರಿಗಳು. ‘ಶೌಚಾಲಯಕ್ಕೆ ನೀರಿಲ್ಲ’ ಎಂದು ಮಗುವು ಹೇಳಿ, ‘ನೋಡೋಣ’ ಎಂಬ ಉತ್ತರ ಪಡೆದು ಮನೆಗೆ ಹೋದರೆ ಅದು 1881ರ ಅಹವಾಲು. ‘ಯಾವಾಗ? ಯಾವ ಹಣದಿಂದ? ಹೋದ ವರ್ಷವೂ ಇದನ್ನೇ ಹೇಳಿದಿರಲ್ಲ?’ ಎಂದು ಕೇಳಿದರೆ ಅದು ಪೌರತ್ವ. ನಮ್ಮ ಸ್ಪರ್ಧೆಗಳು ಮಕ್ಕಳನ್ನು ಈ ಸಭೆಗೆ ಸಿದ್ಧಗೊಳಿಸುವ ಗರಡಿಮನೆಗಳಾಗಬೇಕು.

ಹೀಗಾಗಲು ಹೆಚ್ಚಿನ ಹಣವೇನೂ ಬೇಡ. ಅರ್ಧ ಅಂಕಗಳನ್ನಾದರೂ ಮೊದಲೇ ತಿಳಿಯದ ಪ್ರಶ್ನೆಗಳಿಗೆ ಇಡಲಿ. ಇಬ್ಬರ ಬದಲು ಇಡೀ ತರಗತಿಯು ವೇದಿಕೆಗೆ ಬರಲಿ. ವಿಷಯವು ಶಾಲೆಯಿಂದ ನಡೆದು ಹೋಗಿ ನೋಡಿಬರುವಷ್ಟು ದೂರದಲ್ಲಿರಲಿ. ವಾದವು ಮಗುವು ಕನಸು ಕಾಣುವ ಭಾಷೆಯಲ್ಲಿ ನಡೆಯಲಿ. ‘ಇದು ನನಗೆ ತಿಳಿಯದು, ಇಂಥ ಕಡೆ ಹುಡುಕುತ್ತೇನೆ’ ಎಂದು ಹೇಳಿದ ಮಗುವಿಗೆ, ತಿಳಿಯದುದನ್ನು ಗಟ್ಟಿಯಾಗಿ ಹೇಳಿದ ಮಗುವಿಗಿಂತ ಒಂದು ಅಂಕ ಹೆಚ್ಚು ಬರಲಿ. ಈ ಕೊನೆಯ ನಿಯಮವನ್ನು ನಮ್ಮ ಶಾಸನಸಭೆಗಳಿಗೂ ಅನ್ವಯಿಸುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಡಾಕ್ಟರ್ ಅಂಬೇಡ್ಕರರು, ಸಾಂವಿಧಾನಿಕ ನೀತಿಯೆಂಬುದು ಮನುಷ್ಯನಿಗೆ ಸಹಜವಾಗಿ ಬರತಕ್ಕದ್ದಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂಬ ಅರ್ಥದ ಮಾತನ್ನು ಹೇಳಿದರು. ಬೆಳೆಸುವುದೆಂದರೆ ಬೇಸಾಯ, ಬೇಸಾಯಕ್ಕೆ ಬೇಕಾದುದು ಪ್ರತಿದಿನದ ಕೈ. ಗೆದ್ದ ಬಟ್ಟಲು ಹೆಡ್ಮಾಸ್ತರರ ಕೋಣೆಯ ಗಾಜಿನ ಬೀರುವಿನಲ್ಲಿ ಕುಳಿತುಕೊಳ್ಳುತ್ತದೆ, ಅಲ್ಲಿಯೇ ಇರಲಿ. ಅದನ್ನು ಗೆದ್ದ ಹುಡುಗಿಯು ಹದಿನೆಂಟು ತುಂಬಿ, ಮತ ಕೇಳಲು ಮನೆಯ ಬಾಗಿಲಿಗೆ ಬಂದವರ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, ಆಮೇಲೆ ಮೆಲ್ಲನೆ, “ಸರಿ ಸ್ವಾಮಿ, ಅದು ಹೇಗೆ ಆಗುತ್ತದೆ ಹೇಳಿ,” ಎಂದು ಕೇಳುವಳೆ? ಅವಳ ಜೊತೆ ಚಪ್ಪಾಳೆ ತಟ್ಟಿದ ಇನ್ನೂರು ಮಂದಿಯೂ ಹಾಗೆಯೇ ಕೇಳುವರೆ? ನಮ್ಮ ಪಂದ್ಯಗಳ ಫಲಿತಾಂಶವು ಪ್ರಕಟವಾಗುವುದು ಆ ಬಾಗಿಲಿನಲ್ಲಿ.